ಕಣದಲ್ಲಿ ಸೇರಿದ ನ್ಯಾಯ

ನಮ್ಮ ಮಾವನವರ ಬಗ್ಗೆ ರಾಮನಗರದಲ್ಲಿ ಈಗಲೂ ಕೆಲವರು ಒಳ್ಳೆಯ ಮಾತಾಡುತ್ತಾರೆ. ಬಡವರ ಪರ ಇದ್ದರು, ಯಾರಿಗೂ ಹೆದರುತ್ತಿರಲಿಲ್ಲ, ಆ ಕಾಲಕ್ಕೇ ಎಷ್ಟೊಂದು ಓದಿಕೊಂಡಿದ್ದರು, ಹೀಗೆ. ನನ್ನೆದುರು ಯಾರಾದರೂ ಈ ಪುರಾಣ ಶುರು ಮಾಡಿದರೆ ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ. ಮುದುಕಿಗೆ ಕಿವಿ ಕೇಳಿಸುವುದಿಲ್ಲ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಅವರಿಗೆ ಬಡಿಸಿದವಳು ನಾನು, ಅವರು ಉಂಡ ತಟ್ಟೆ ತೊಳೆದವಳು ನಾನು. ಅವರು ಎಂಥವರು ಅನ್ನುವುದನ್ನು ನನಗೆ ಬೇರೆಯವರು ಹೇಳಬೇಕಾಗಿಲ್ಲ.

ನಾನು ಮದುವೆಯಾಗಿ ಈ ಮನೆಗೆ ಬಂದಾಗ ಸ್ವಾತಂತ್ರ್ಯ ಬಂದು ಕೆಲವೇ ವರ್ಷಗಳಾಗಿದ್ದವು. ಹಿರಿಯರ ಬಾಯಲ್ಲಿ ರಾಮನಗರ ಇನ್ನೂ ಹಳೆಯ ಹೆಸರಿನ ಕ್ಲೋಸ್‌ಪೇಟೆಯೇ. ನನ್ನ ಗಂಡ ಮಾಗಡಿಯಲ್ಲಿ ಮೇಷ್ಟರು, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಅತ್ತೆ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ಮನೆಯಲ್ಲಿ ಹೆಚ್ಚಾಗಿ ನಾನು ಮತ್ತು ಮಾವ. ಅವರಿಗೆ ಕನಕಪುರದ ಕಡೆಯ ಹಳ್ಳಿಯೊಂದರಲ್ಲಿ ಹೊಲ ಗದ್ದೆ ಇತ್ತು. ಎಲ್ಲವನ್ನೂ ಗೇಣಿಗೆ ಕೊಟ್ಟಿದ್ದರು. ಸುಗ್ಗಿ ಮುಗಿದ ಮೇಲೆ ಗೇಣಿಯ ರಾಗಿ, ಭತ್ತ, ಅವರೆ ಗಾಡಿಗಳಲ್ಲಿ ಬಂದು ನಡುಮನೆಯಲ್ಲಿ ಬೀಳುತ್ತಿತ್ತು. ಮಾವನವರು ಒಂದು ದಿನವೂ ನೇಗಿಲು ಹಿಡಿದವರಲ್ಲ. ಆ ರಾಗಿ ಮೂಟೆಗಳಿಗೇ ಒರಗಿ ಕೂತು ಅವರು ಕಾಮ್ರೇಡ್ ಆಗಿದ್ದರು.

ಚೀನಾ ಸ್ನೇಹಕ್ಕೆ ಅಂತ ಊರಲ್ಲಿ ಒಂದು ಸಂಘ ಮಾಡಿಕೊಂಡಿದ್ದರು. ಇವರೇ ಕಾರ್ಯದರ್ಶಿ. ಆ ದೇಶದಿಂದ ನುಣುಪು ಕಾಗದದ ಇಂಗ್ಲಿಷ್ ಪತ್ರಿಕೆ ಬರುತ್ತಿತ್ತು. ಅದರ ತುಂಬ ನಗುವ ರೈತರು, ನಗುವ ಹೆಂಗಸರು, ನಗುವ ಮಕ್ಕಳು. ನಾನು ರೈತರ ಮನೆಯಲ್ಲೇ ಹುಟ್ಟಿದವಳು. ಗದ್ದೆಯಲ್ಲಿ ನಿಂತು ಅಷ್ಟು ಹಲ್ಲು ತೋರಿಸಿದವರನ್ನು ನಾನಂತೂ ನೋಡಿಲ್ಲ. ಮಾವ ಮಾತ್ರ ಅದನ್ನು ತೊಡೆಯ ಮೇಲಿಟ್ಟುಕೊಂಡು, ಕಾಫಿ ಹೀರುತ್ತಾ, "ನೋಡಮ್ಮ, ಅಲ್ಲಿ ಈಗ ಉಳುವವನೇ ಒಡೆಯ" ಅನ್ನುತ್ತಿದ್ದರು. ಆ ಕಾಫಿಗೆ ಹಾಲು ಕೊಡುತ್ತಿದ್ದ ಎಮ್ಮೆಯೂ ಗೇಣಿಯವರು ತಂದು ಕಟ್ಟಿದ್ದು.

ನಮ್ಮ ಮನೆಯ ಬೀದಿ ಕಡೆಯ ಕೋಣೆಯಲ್ಲಿ ಒಬ್ಬ ಚೀನಾದವರು ಬಾಡಿಗೆಗೆ ಇದ್ದರು. ಹಲ್ಲು ಕೀಳುವುದು, ಹಲ್ಲು ಕಟ್ಟುವುದು ಅವರ ಕೆಲಸ. ಊರಿಗೆಲ್ಲ ಚೀನಾ ಡಾಕ್ಟ್ರು. ಎರಡನೇ ಮಹಾಯುದ್ಧಕ್ಕೆ ಮುಂಚೆಯೇ ಬಂದವರಂತೆ. ರೇಷ್ಮೆ ನೂಲು ತೆಗೆಯುವ ಸಾಬರೂ ಹಳ್ಳಿಯ ಗೌಡರೂ ಅವರ ಮರದ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಕೂತು ಕೂತು, ಅವರ ಕನ್ನಡವೂ ಹಾಗೇ ಆಗಿತ್ತು. "ಬಾಯಿ ಒಸಿ ದೊಡ್ಡದಾಗಿ ತಗೀರಿ ಗೌಡ್ರೆ. ಏನೇನೂ ಕಾಣಕಿಲ್ಲ, ಬರೀ ಹೊಗೆಸೊಪ್ಪೇ ಐತೆ" ಅಂತ ಅವರು ಗದರುವುದು ನನಗೆ ಅಡುಗೆಮನೆಗೆ ಕೇಳುತ್ತಿತ್ತು. ಮಾವನವರ ಮೇಲಿನ ಸಾಲಿನ ಹಲ್ಲು ಪೂರ್ತಿ ಅವರ ಕೈಕೆಲಸ. ನನ್ನನ್ನು ತಂಗ್ಯವ್ವ ಅನ್ನುತ್ತಿದ್ದರು, ನಾನು ಅಣ್ಣ ಅನ್ನುತ್ತಿದ್ದೆ. ಹುರುಳಿ ಸಾರು ಮಾಡಿದ ದಿನ ಒಂದು ಮುದ್ದೆ ಅವರಿಗೆ ಅಂತ ಎತ್ತಿಡುತ್ತಿದ್ದೆ.

ಅವರ ಹೆಂಡತಿ ಮತ್ತು ಮಗಳು ಅವರ ಊರಿನಲ್ಲೇ ಉಳಿದಿದ್ದರು. ಮಗಳು ತೊಟ್ಟಿಲಲ್ಲಿದ್ದಾಗ ಬಿಟ್ಟು ಬಂದವರು, ಯುದ್ಧ ನಡುವೆ ಬಂದು ಹಾಗೇ ಇಲ್ಲಿ ನಿಂತುಬಿಟ್ಟರು. ಇಲ್ಲಿ ದುಡಿದದ್ದನ್ನು ಊರಿಗೆ ಕಳಿಸಿದರು. ಅವರ ಅಪ್ಪ ಅದರಲ್ಲಿ ನಾಲ್ಕಾರು ಮಡಿ ಗದ್ದೆ ಕೊಂಡು ಪಕ್ಕದವರಿಗೆ ಗೇಣಿಗೆ ಕೊಟ್ಟರು. ಈಗ ಅವರಿಗೆ ಇದ್ದದ್ದು ಒಂದೇ ಆಸೆ, ಹೆಂಡತಿ ಮಗಳನ್ನು ರಾಮನಗರಕ್ಕೆ ಕರೆಸಿಕೊಳ್ಳಬೇಕು. ಹಿಂದಿನ ಕೋಣೆಗೆ ತಾವೇ ಸುಣ್ಣ ಹೊಡೆದಿದ್ದರು. "ಮಗೀಗೆ ಇಲ್ಲಿ ಮಾತು ನೀನೇ ಕಲಿಸ್ಬೇಕು ಕಣವ್ವ. ನಾನು ಕಲಿಸುದ್ರೆ ಹಲ್ಲುನೋವಿನ ಮಾತೇ ಬರೋದು" ಅಂತ ನಗುತ್ತಿದ್ದರು. ಈ ಕಡೆ ಬೆಂಗಳೂರಿನ ಅಧಿಕಾರಿಗಳು ಒಪ್ಪಬೇಕು, ಆ ಕಡೆ ಅವರ ಊರಿನಲ್ಲಿ ಕಮ್ಯುನಿಸ್ಟರು ಮಾಡಿದ ಹೊಸ ಕಮಿಟಿ ಬಿಡಬೇಕು. ಮಾವನವರಿಗೆ ಎರಡು ಕಡೆಯೂ ಕೈ ಇತ್ತು. ಬೆಂಗಳೂರಲ್ಲಿ ದೊಡ್ಡವರ ಪರಿಚಯ, ಸಂಘದ ಮೂಲಕ ಚೀನಾದ ಸಂಪರ್ಕ. ಒಂದು ಮಾತು ಆಡಿದ್ದರೆ ಸಾಕಿತ್ತು. ನೋಡೋಣ, ನೋಡೋಣ ಅನ್ನುತ್ತಲೇ ಇದ್ದರು.

ಒಂದು ಬೆಳಿಗ್ಗೆ ಬೆಂಗಳೂರಿನಿಂದ ಡಾಕ್ಟರ ಸೀಮೆಯವರೇ ಒಬ್ಬರು ಬಂದರು. ಅಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದವರು. ಇಬ್ಬರೂ ಅವರ ಭಾಷೆಯಲ್ಲಿ ಮಾತಾಡಿದರು. ನಾನು ಕಾಫಿ ತಗೊಂಡು ಹೋದಾಗ ಡಾಕ್ಟರು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಕುರ್ಚಿಯಲ್ಲಿ ನಮ್ಮ ಗೇಣಿಯ ಮುದುಕ, ದವಡೆಗೆ ಬಟ್ಟೆ ಕಟ್ಟಿಕೊಂಡು, ಏನಾಯಿತು ಅಂತ ತಿಳಿಯದೆ ಪಿಳಿಪಿಳಿ ನೋಡುತ್ತಿದ್ದ. ಗೇಣಿ ರಾಗಿ ಹಾಕಲು ಬಂದವನು ಹಾಗೇ ಹಲ್ಲು ತೋರಿಸಲು ಕೂತಿದ್ದ.

"ಏನಾಯ್ತಣ್ಣ?" ಅಂದೆ.

"ನಮ್ಮಪ್ಪನ್ನ ಊರೋರೆಲ್ಲ ಕಣದಲ್ಲಿ ನಿಲ್ಸವ್ರೆ ತಂಗ್ಯವ್ವ" ಅಂದರು.

"ಓ, ನ್ಯಾಯ ಸೇರ್ಸವ್ರೆ" ಅಂದ ಮುದುಕ, ಈಗ ಅರ್ಥವಾಯಿತು ಅನ್ನುವ ಹಾಗೆ.

ನಮ್ಮ ಹಳ್ಳಿಗಳ ನ್ಯಾಯ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಅರಳಿಕಟ್ಟೆಯಲ್ಲೋ ಕಣದಲ್ಲೋ ಊರು ಸೇರುತ್ತದೆ. ಬೈಗುಳ, ಕೂಗಾಟ ಎಲ್ಲ ಆಗುತ್ತದೆ. ಕೊನೆಗೆ ತಪ್ಪು ಮಾಡಿದವನು ತಪ್ಪಾಯಿತು ಅಂತ ಊರಿಗೆ ಅಡ್ಡ ಬಿದ್ದು ತಪ್ಪುಕಾಣಿಕೆ ಇಡುತ್ತಾನೆ. ಅವನ ಕೈಗೆ ಊರಿನವರು ಎಲೆ ಅಡಿಕೆ ಕೊಡುತ್ತಾರೆ. ಎಲೆ ಅಡಿಕೆ ಹಾಕಿಕೊಂಡು ಎದ್ದರೆ ಅಲ್ಲಿಗೆ ಮುಗಿಯಿತು. ಆಮೇಲೆ ಅದೇ ಮಾತು ಎತ್ತಿದವನೇ ತಪ್ಪುಗಾರ. ನಮ್ಮಲ್ಲಿ ಎಲ್ಲ ನ್ಯಾಯವೂ ನೆಟ್ಟಗಿತ್ತು ಅಂತ ನಾನು ಹೇಳುತ್ತಿಲ್ಲ. ಬಡವನಿಗೆ ಬೀಳುತ್ತಿದ್ದ ಕಾಣಿಕೆಯೇ ಬೇರೆ, ಉಳ್ಳವನಿಗೆ ಬೀಳುತ್ತಿದ್ದುದೇ ಬೇರೆ. ಆದರೆ ಒಪ್ಪಿಕೊಂಡವನ ಪಾಡಿಗೆ ಅವನನ್ನು ಬಿಡುವುದೊಂದಿತ್ತು.

"ಎಷ್ಟು ಕಾಣಿಕೆ ಹಾಕುದ್ರು?" ಅಂತ ಮುದುಕ ಕೇಳಿದ.

"ಕಾಣಿಕೆ ಇಲ್ಲ ಗೌಡ್ರೆ. ಮಂಡಿ ಊರಿಸವ್ರೆ. ಕುತ್ತಿಗೆಗೆ ತಪ್ಪು ಬರ್ದಿರೋ ಹಲಗೆ ಕಟ್ಟವ್ರೆ. ಊರೋರು ಒಬ್ಬೊಬ್ರೇ ಬಂದು ಬಯ್ಯಬೇಕು. ಬಯ್ಯದೆ ಸುಮ್ನಿದ್ದೋರ್ನೂ ಪಕ್ಕದಲ್ಲೇ ಮಂಡಿ ಊರಿಸ್ತಾರಂತೆ. ನನ್ನೆಂಡ್ತಿ ಕೈಲಿ ಮಾವನ ಹೆಸರಿಡ್ದು ಕೂಗ್ಸಿ, ಕೆನ್ನೆಗೆ ಹೊಡ್ಸವ್ರೆ."

"ಸೊಸೆ ಕೈಲಾ?"

"ಹೂಂ."

"ಆಮ್ಯಾಕೆ ಎಲೆ ಅಡಿಕೆ ಕೊಟ್ಟು ಎದ್ರಾ?"

ಡಾಕ್ಟರು ಇಲ್ಲ ಅಂತ ತಲೆ ಆಡಿಸಿದರು. "ಎಲ್ಲಾನೂ ಒಪ್ಕೊಂಡ್ರಂತೆ. ಆಮ್ಯಾಕೆ ಕೆರೆ ಏರಿ ಮ್ಯಾಲೆ ಕರ್ಕೊಂಡೋಗಿ ಗುಂಡು ಹೊಡುದ್ರು" ಅಂದರು.

ಮುದುಕ ದವಡೆಯ ಬಟ್ಟೆ ಬಿಚ್ಚಿದ. "ತಪ್ಪೊಪ್ಪಿದ ಮ್ಯಾಕೂವಾ?" ಅಂದ. ಗುಂಡು ಹೊಡೆದದ್ದಕ್ಕಿಂತ ಇದೇ ಅವನ ತಲೆಗೆ ಹೋಗುತ್ತಿರಲಿಲ್ಲ. ಮನೆಗೆ ಹೊರಡುವಾಗಲೂ ಅಂಗಳದಲ್ಲಿ ನಿಂತು ನನ್ನನ್ನು ಅದನ್ನೇ ಕೇಳಿದ.

ಮಾವನವರು ಬಂದ ಮೇಲೆ ಡಾಕ್ಟರು ಮತ್ತೆ ಎಲ್ಲವನ್ನೂ ಹೇಳಿದರು. ಮಾವ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. ಛೆ ಅನ್ನಲಿಲ್ಲ, ಪಾಪ ಅನ್ನಲಿಲ್ಲ. ಅವರು ಕೇಳಿದ್ದು ಇಷ್ಟು: "ನಿಮ್ಮ ತಂದೆಯವರು ಗೇಣಿ ತಗೋತಿದ್ರಾ?"

"ತಗೋತಿದ್ರು. ಒಸಿ."

"ನೋಡಿ ಮತ್ತೆ."

ನೋಡಿ ಮತ್ತೆ ಅಂದಾಗ ಅವರ ಬೆನ್ನ ಹಿಂದೆ ಆ ದಿನವೇ ಬಂದ ಗೇಣಿ ರಾಗಿಯ ಮೂಟೆಗಳಿದ್ದವು. ಕೊಂದವರು ಎಲ್ಲೋ ದೂರದಲ್ಲಿದ್ದರು, ಅವರ ಮುಖ ನಾನು ಕಂಡಿರಲಿಲ್ಲ. ಅವರಿಗಾಗಿ ಇಲ್ಲಿ ಕೂತು ಲೆಕ್ಕ ಒಪ್ಪಿಸುತ್ತಿದ್ದ ಮುಖ ಮಾತ್ರ ದಿನಾ ಮೂರು ಹೊತ್ತು ನನ್ನೆದುರಿಗೆ ಉಣ್ಣಲು ಕೂರುತ್ತಿತ್ತು.

ಡಾಕ್ಟರು ಕೈಮುಗಿದರು. ಊರಿನ ತಮ್ಮ ಮನೆಗೆ ಈಗ ಗೇಣಿ ತಿಂದವರು ಅನ್ನುವ ಕೆಟ್ಟ ಹೆಸರು ಅಂಟಿಕೊಂಡಿದೆ, ಮಗಳಿಗೂ ಅದು ಬಿಡುವುದಿಲ್ಲ, ಹೇಗಾದರೂ ಮಾಡಿ ಇಬ್ಬರನ್ನು ಹೊರಗೆ ತರಿಸಿಕೊಡಿ ಅಂದರು. ಮಾವ ಯೋಚಿಸುವವರ ಹಾಗೆ ಮುಖ ಮಾಡಿ, ಆಗಲಿ, ಆದರೆ ನೀವೂ ಒಂದು ಸಹಾಯ ಮಾಡಬೇಕು ಅಂದರು. ಚನ್ನಪಟ್ಟಣದಲ್ಲಿ ಸಂಘದ ಸಭೆ ಇತ್ತು. ಪೇಪರಿನವರು ಹೊಸ ಚೀನಾದ ಮೇಲೆ ಇಲ್ಲದ್ದನ್ನೆಲ್ಲ ಬರೆಯುತ್ತಿದ್ದಾರೆ, ಅಲ್ಲಿಯವರೇ ಒಬ್ಬರು ವೇದಿಕೆಯ ಮೇಲೆ ನಿಂತು ಸತ್ಯ ಹೇಳಬೇಕು ಅಂದರು. ಸತ್ಯ ಏನು ಅನ್ನುವುದನ್ನು ಆಗಲೇ ಬರೆದಿಟ್ಟುಕೊಂಡಿದ್ದರು.

ಆ ಭಾಷಣವನ್ನು ನಮ್ಮ ನಡುಮನೆಯಲ್ಲೇ ಅವರಿಗೆ ಬಾಯಿಪಾಠ ಮಾಡಿಸಿದರು. ನಾನು ಒಳಗೆ ಅವರೆಕಾಳು ಹಿಚುಕುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. "ನಮ್ಮ ತಂದೆ ಬಡವರ ರಕ್ತ ಹೀರಿದರು" ಅನ್ನುವ ಜಾಗಕ್ಕೆ ಬಂದು ಡಾಕ್ಟರು ನಿಲ್ಲುತ್ತಿದ್ದರು. ನಮ್ಮ ತಂದೆ, ಅನ್ನುವರು, ಮತ್ತೆ ಮೊದಲಿಂದ ಶುರು ಮಾಡಿ ಈರಿದರು ಅನ್ನುವರು. ಮಾವ, "ಹೀರಿದರು. ಎಲ್ಲಿ, ಇನ್ನೊಂದ್ಸಲ ಹೇಳಿ. ಈರಿದರು ಅಲ್ಲ, ಹೀರಿದರು. ಹಕಾರ ಬರ್ಬೇಕು" ಅಂತ ತಿದ್ದುತ್ತಿದ್ದರು. ಅಪ್ಪನನ್ನು ಕಳೆದುಕೊಂಡವನಿಗೆ ಹಕಾರ ಹೇಳಿಕೊಡುತ್ತಿದ್ದ ಆ ದನಿ ಎಷ್ಟು ಸಮಾಧಾನವಾಗಿತ್ತು, ಎಷ್ಟು ಮೃದುವಾಗಿತ್ತು ಅಂದರೆ, ಈಗ ನೆನೆದರೂ ಮೈಯೆಲ್ಲ ತೊಳೆದುಕೊಳ್ಳಬೇಕು ಅನ್ನಿಸುತ್ತದೆ.

ಸಭೆಗೆ ನನ್ನನ್ನೂ ಕರೆದುಕೊಂಡು ಹೋದರು, ಹೆಂಗಸರೂ ಬಂದಿದ್ದಾರೆ ಅಂತ ತೋರಿಸುವುದಕ್ಕೆ. ಬಸ್ಸಿನಲ್ಲಿ ಕೆಂಗಲ್ ಬಂದಾಗ ಡಾಕ್ಟರು ಎಲ್ಲರ ಹಾಗೆ ಆಂಜನೇಯನಿಗೆ ಕೈಮುಗಿದರು. ಮಾವ ನಕ್ಕು, ಇದನ್ನೆಲ್ಲ ವೇದಿಕೆ ಮೇಲೆ ಮಾಡಬೇಡಿ ಅಂದರು. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರ ಬೀದಿಯ ಕೊನೆಯಲ್ಲಿ ಚಪ್ಪರ ಹಾಕಿದ್ದರು. ಸಭೆ ತುಂಬಬೇಕಲ್ಲ, ಅದಕ್ಕೆ ಮಾವ ತಮ್ಮ ಗೇಣಿಯವರನ್ನೇ ಗಾಡಿ ಕಟ್ಟಿಸಿ ಕರೆಸಿದ್ದರು. ಮುಂದಿನ ಸಾಲಿನಲ್ಲಿ ಆ ಮುದುಕನೂ ಇದ್ದ. ಗೇಣಿ ತೆಗೆದುಕೊಳ್ಳುವವರಿಗೆ ಅಲ್ಲಿ ಏನು ಮಾಡಿದರು ಅನ್ನುವುದನ್ನು ಕೇಳಿ ಚಪ್ಪಾಳೆ ಹೊಡೆಯಲು ಗೇಣಿ ಕೊಡುವವರನ್ನು ತಾವೇ ಕರೆಸಿದ ಮನುಷ್ಯ ಇನ್ನೊಬ್ಬ ಇದ್ದರೆ ತೋರಿಸಿ. ತಮಗೆ ಮಾತ್ರ ಅದು ತಟ್ಟುವುದಿಲ್ಲ ಅಂತ ಅವರಿಗೆ ಅಷ್ಟು ಧೈರ್ಯ.

ಡಾಕ್ಟರು ಎದ್ದು ನಿಂತು ಹೇಳಿದರು. ಒಂದು ಅಕ್ಷರವೂ ತಪ್ಪಲಿಲ್ಲ. ಅಪ್ಪ ದುಷ್ಟ ಅಂದರು, ಊರಿನವರು ಮಾಡಿದ್ದು ಸರಿ ಅಂದರು, ಹೊಸ ದೇಶದಲ್ಲಿ ಯಾರಿಗೂ ಕಷ್ಟವಿಲ್ಲ ಅಂದರು. ಹೇಳುವಾಗ ಯಾರನ್ನೂ ನೋಡದೆ ಚಪ್ಪರದ ಬಿದಿರು ಗಳುವನ್ನೇ ನೋಡುತ್ತಿದ್ದರು. ಮೊದಲು ಚಪ್ಪಾಳೆ ಹೊಡೆದವರು ಮಾವ. ಫೋಟೋದವನು ಬಂದು ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ಚಿತ್ರ ತೆಗೆದ.

ಆಗ ನಮ್ಮ ಮುದುಕ ಎದ್ದು ವೇದಿಕೆ ಹತ್ತಿದ. ಸೊಂಟದ ಎಲೆಚೀಲದಿಂದ ಎರಡು ವೀಳ್ಯದೆಲೆ, ಒಂದು ಚೂರು ಅಡಿಕೆ ತೆಗೆದು ಡಾಕ್ಟರ ಮುಂದೆ ಹಿಡಿದ. "ಅಪ್ಪನ ಪರ್ವಾಗಿ ಮಗ ಒಪ್ಕೊಂಡಾಯ್ತು. ಮುಗೀತು ಬುಡಿ. ಇನ್ಯಾರೂ ಆ ಮಾತ ಎತ್ತಂಗಿಲ್ಲ" ಅಂದ. ಅವನ ಲೆಕ್ಕದಲ್ಲಿ ಅಲ್ಲಿ ಸೇರಿದ್ದು ನ್ಯಾಯ. ಆ ಊರಿನವರು ಮಾಡದೆ ಬಿಟ್ಟದ್ದನ್ನು ಅವನು ಇಲ್ಲಿ ಮಾಡುತ್ತಿದ್ದ. ಡಾಕ್ಟರು ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡು ಅಷ್ಟು ಜನರ ಮುಂದೆ ಬಿಕ್ಕಿ ಬಿಕ್ಕಿ ಅತ್ತರು. ಮಾವನವರು ಮುಂದೆ ಬಂದು, "ನೋಡಿ, ನಮ್ಮ ರೈತ ಹೊಸ ಚೀನಾಕ್ಕೆ ಮರ್ಯಾದೆ ಮಾಡಿದ. ಇವು ಸಂತೋಷದ ಕಣ್ಣೀರು" ಅಂದರು. ನಾನು ಎದ್ದು ಚಪ್ಪರದ ಹಿಂದೆ ಹೋಗಿ ವಾಂತಿ ಮಾಡಿದೆ. ಬಿಸಿಲಿಗೆ ಅಂತ ಎಲ್ಲರೂ ಅಂದುಕೊಂಡರು.

ಕೆಲವು ತಿಂಗಳ ಮೇಲೆ ಆ ನುಣುಪು ಪತ್ರಿಕೆಯಲ್ಲಿ ಫೋಟೋ ಅಚ್ಚಾಗಿ ಬಂತು. ಡಾಕ್ಟರು, ಪಕ್ಕದಲ್ಲಿ ಮಾವ. ಮಾವ ಅದನ್ನು ಹಿಡಿದುಕೊಂಡು ಬೀದಿಯೆಲ್ಲ ಸುತ್ತಿದರು. ಡಾಕ್ಟರು ಕೇಳುತ್ತಿದ್ದುದು ಒಂದೇ, ನನ್ನ ಹೆಂಡ್ತಿ ಮಗಳ ವಿಷಯ ಏನಾಯ್ತು ಅಂತ. ಅದಕ್ಕೂ ಸಂಘದ ಮೂಲಕವೇ ಉತ್ತರ ಬಂತು. ಗಂಡನೇ ಹೊಸ ದೇಶವನ್ನು ಇಷ್ಟು ಕೊಂಡಾಡಿದ್ದಾನೆ, ಹಾಗಾದರೆ ಹೆಂಡತಿ ಯಾಕೆ ದೇಶ ಬಿಟ್ಟು ಹೋಗಬೇಕು, ಅವನೇ ಇಲ್ಲಿಗೆ ಬರಲಿ ಅಂತ. ಹೆಂಡತಿ ಮಗಳನ್ನು ಬಿಡುವುದಿಲ್ಲ.

ಮಾವನವರು ಹಿಗ್ಗಿದರು. "ನಿಮ್ಮನ್ನ ಕರೀತಾವ್ರೆ ಡಾಕ್ಟ್ರೆ. ಇನ್ನೇನು ಬೇಕು?"

"ಅಲ್ಲಿಯೋರ್ಗೆ ನೀವೇ ಹೇಳಿಬುಡಿ. ಆ ಮಾತು ನಂದಲ್ಲ, ನೀವು ಕಲಿಸಿದ್ದು ಅಂತ. ಅಷ್ಟು ಹೇಳುದ್ರೆ ಅವ್ರನ್ನ ಬುಡ್ತಾರೇನೋ" ಅಂದರು ಡಾಕ್ಟರು.

"ಅದು ಹೆಂಗಾಯ್ತದೆ? ಸಂಘದ ಮರ್ಯಾದೆ ಏನಾಗಬೇಕು?"

ಅಷ್ಟೇ. ಅಲ್ಲಿಗೆ ಆ ಮಾತು ಮುಗಿಯಿತು. ಬೆಂಗಳೂರಿನ ದೊಡ್ಡವರಿಗೂ ಮಾವ ಬಾಯಿ ಬಿಡಲಿಲ್ಲ. ಹೊಸ ದೇಶದಿಂದ ಒಬ್ಬ ಹೆಂಗಸು ಓಡಿ ಬಂದಳು ಅಂತಾದರೆ ಅವರ ಮುಖ ಸಣ್ಣದಾಗುತ್ತಿತ್ತಲ್ಲ.

ಡಾಕ್ಟರು ಹೊರಟುಬಿಟ್ಟರು. ನಾನು ದಾರಿಗೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿಕೊಟ್ಟೆ. ಹೋಗಬೇಡಿ ಅಣ್ಣ, ನಿಮ್ಮ ಅಪ್ಪನಿಗೆ ಮಾಡಿದ್ದು ಗೊತ್ತಿದ್ದೂ ಹೋಗುತ್ತೀರಲ್ಲ ಅಂದೆ. "ಅವ್ಳು ಬರಂಗಿಲ್ಲ ಅಂದ್ಮ್ಯಾಲೆ ನಾನೇ ಹೋಗ್ಬೇಕು ಕಣವ್ವ. ಒಪ್ಕೊಂಡಿದ್ದೀನಲ್ಲ, ಏನೂ ಮಾಡಕಿಲ್ಲ ಅನ್ಸುತ್ತೆ" ಅಂದರು. ಇಷ್ಟು ವರ್ಷ ನಮ್ಮ ಹಳ್ಳಿಯವರ ಜೊತೆ ಇದ್ದು ಅವರಿಗೂ ನಮ್ಮ ನ್ಯಾಯದ ಮೇಲೆ ನಂಬಿಕೆ ಬಂದುಬಿಟ್ಟಿತ್ತು. ಸ್ಟೇಷನ್ನಿನಲ್ಲಿ ಮಾವ ಅವರಿಗೆ ಹಾರ ಹಾಕಿ ಜೈಕಾರ ಕೂಗಿಸಿದರು. ದೇಶ ಕಟ್ಟಲು ಹೋದರು ಅಂತ ಆಮೇಲೆ ಎಲ್ಲ ಸಭೆಗಳಲ್ಲೂ ಹೇಳಿದರು.

ಒಂದೆರಡು ವರ್ಷ ಸುದ್ದಿಯೇ ಇರಲಿಲ್ಲ. ಬೀದಿ ಕೋಣೆಗೆ ಸೈಕಲ್ ರಿಪೇರಿಯವನು ಬಂದ. ನನ್ನ ಮೊದಲ ಮಗು ಅಂಬೆಗಾಲಿಡುತ್ತಿದ್ದಾಗ ಆ ಬೆಂಗಳೂರಿನ ಚಪ್ಪಲಿ ಅಂಗಡಿಯವರು ಮತ್ತೆ ಬಂದರು. ಮಧ್ಯಾಹ್ನದ ಊಟದ ಹೊತ್ತು. ಮಾವ ಎಲೆಯ ಮುಂದೆ ಕೂತಿದ್ದರು. ಬಂದವರು ಕೂರಲಿಲ್ಲ, ಬಾಗಿಲಲ್ಲೇ ನಿಂತು ಹೇಳಿದರು. ಡಾಕ್ಟರು ಹೋದ ಮೊದಲ ಕೆಲವು ತಿಂಗಳು ಹೆಂಡತಿ ಮಗಳ ಜೊತೆ ಇದ್ದರಂತೆ. ಆಮೇಲೆ ಹೊರದೇಶದ ಗೂಢಚಾರ ಅಂತ ಹಿಡಿದರಂತೆ. ಅದೇ ಕಣ, ಅದೇ ಹಲಗೆ. ಈಗ ಅವರು ಇಲ್ಲ.

ನಾನು ಕೈಯಲ್ಲಿದ್ದ ಸಾರಿನ ಪಾತ್ರೆ ಕೆಳಗಿಟ್ಟೆ. ಮಾವ ತುತ್ತು ನುಂಗಿ ನೀರು ಕುಡಿದರು.

"ಏನು ತಪ್ಪು ಮಾಡಿದ್ರಂತೆ?" ಅಂದರು. "ಏನೋ ಇದ್ದೇ ಇರ್ತದೆ. ಸುಮ್‌ಸುಮ್ನೆ ಯಾರೂ ಹಂಗೆ ಮಾಡಲ್ಲ."

ಬಂದವರು ತಲೆ ತಗ್ಗಿಸಿದರು. "ಪತ್ರಿಕೇಲಿ ಫೋಟೋ ಬಂದಿತ್ತಲ್ಲ ಸಾರ್, ಅದನ್ನ ತೋರಿಸಿ ಕೇಳಿದ್ರಂತೆ, ಪಕ್ಕದಲ್ಲಿರೋದು ಯಾರು, ಏನು ಕೆಲಸ ಮಾಡ್ತಾರೆ ಅಂತ. ಅವರಿಗೆ ಸುಳ್ಳು ಹೇಳೋಕೆ ಬರ್ತಿರಲಿಲ್ಲ. ಹೊಲ ಗೇಣಿಗೆ ಕೊಟ್ಟಿದ್ದಾರೆ ಅಂದ್ರಂತೆ. ಅಂಥವರ ಮನೇಲಿ ಇದ್ದೆ, ಅವರ ಅನ್ನ ತಿಂದೆ, ನೀನು ಅವರ ಗೂಢಚಾರನೇ, ಅದೇ ತಪ್ಪು ಅಂದ್ರು."

ಮಾವನವರ ಕೈ ಎಲೆಯ ಮೇಲೇ ನಿಂತಿತು.

"ಹೆಂಡ್ತಿ?" ಅಂತ ನಾನು ಕೇಳಿದೆ.

"ಈ ಸಲ ಅವರು ಬಾಯಿ ಬಿಡಲಿಲ್ಲವಂತೆ ಅಮ್ಮ. ಎಷ್ಟು ಹೊಡೆದರೂ ಗಂಡನ ಮೇಲೆ ಒಂದು ಮಾತು ಆಡಲಿಲ್ಲ. ಅದಕ್ಕೆ ಮಗಳ ಕೈಲಿ ಹೇಳಿಸಿದರು."

ನಾನು ಆ ಮನೆಗೆ ಬಂದಾಗಿನಿಂದ ಮಾವನವರಿಗೆ ಎದುರು ಮಾತು ಆಡಿದವಳಲ್ಲ. ಅಂದು ಮಗುವನ್ನು ಸೊಂಟಕ್ಕೆ ಎತ್ತಿಕೊಂಡು ಅವರ ಎಲೆಯ ಮುಂದೆ ಹೋಗಿ ನಿಂತೆ. "ನಿಮ್ಮನ್ನೂ ಹಂಗೆ ಕಣದಲ್ಲಿ ನಿಲ್ಸಿದ್ರೆ ನಾನು ಏನು ಹೇಳ್ಬೇಕು ಮಾವ? ಇವನ ಕೈಲಿ ಏನು ಹೇಳಿಸ್ಬೇಕು? ಡಾಕ್ಟ್ರಿಗೆ ಹೇಳ್ಕೊಟ್ರಲ್ಲ, ನಮಗೂ ಈಗ್ಲೇ ಹೇಳ್ಕೊಟ್ಬುಡಿ" ಅಂದೆ.

ಅವರ ಬಾಯಿಂದ ಈಗ ಒಂದು ಒಳ್ಳೆಯ ಮಾತು ಬರುತ್ತದೆ, ಒಂದು ನಿಟ್ಟುಸಿರಾದರೂ ಬರುತ್ತದೆ ಅಂತ ನಾನು ಕಾದೆ. ಬಾಗಿಲಲ್ಲಿದ್ದವರೂ ಕಾದರು. ಮಾವ ಎಲೆ ಮಡಚಿದರು, ಎದ್ದರು, ಕೈ ತೊಳೆಯಲು ಹೋಗುತ್ತಾ ನನ್ನ ಕಡೆ ನೋಡದೆ, "ಈ ವಿಷಯ ಮನೆ ಬಿಟ್ಟು ಆಚೆ ಹೋಗೋದು ಬ್ಯಾಡ ಕಣಮ್ಮ. ಜನ ತಪ್ಪು ತಿಳ್ಕೋತಾರೆ" ಅಂದರು.